ಐರಣಿಯಿಂದ ಬ್ಯಾಡಗಿಗೆ ಜೋಡಿ ಸೈಕಲ್ಲಿನಲ್ಲಿ

ಒಂದೇ ಚೌಕಟ್ಟಿನ ಮೇಲೆ ಒಬ್ಬರ ಹಿಂದೆ ಒಬ್ಬರು ಕುಳಿತು ಇಬ್ಬರೂ ಪೆಡಲ್ ತುಳಿಯುವ ಗಾಡಿಯೇ ಜೋಡಿ ಸೈಕಲ್. ಟ್ಯಾಂಡೆಮ್ ಎಂದು ಕರೆಯುವವರೂ ಈಗ ಹಲವರಿದ್ದಾರೆ. ಹ್ಯಾಂಡಲ್, ಬ್ರೇಕ್, ಗೇರ್ ಎಲ್ಲವೂ ಮುಂದಿನ ಸವಾರನ ಕೈಯಲ್ಲಿ. ಹಿಂದಿನವರ ಎದುರಿಗಿರುವ ಹ್ಯಾಂಡಲ್ ಹಿಡಿದುಕೊಳ್ಳಲು ಮಾತ್ರ, ಅದು ತಿರುಗುವುದಿಲ್ಲ. ಎರಡು ಜೊತೆ ಪೆಡಲ್‌ಗಳನ್ನು ಎಡಬದಿಯ ಒಂದು ಚೈನು ಬಿಗಿದು ಕಟ್ಟಿರುತ್ತದೆ. ಹೀಗಾಗಿ ಒಬ್ಬರ ಕಾಲು ತಿರುಗಿದರೆ ಇನ್ನೊಬ್ಬರ ಕಾಲೂ ತಿರುಗಬೇಕು, ಒಬ್ಬರು ನಿಂತರೆ ಇಬ್ಬರೂ ನಿಲ್ಲಬೇಕು. ಗೇರ್ ಬದಲಿಸುವ ಮೊದಲು, ತಗ್ಗು ಬಂದಾಗ, ತಿರುವಿನಲ್ಲಿ ಪೆಡಲ್ ನಿಲ್ಲಿಸುವ ಮೊದಲು ಮುಂದಿನವರು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಕೆಲವು ದಿನ ಕೂಡಿ ತುಳಿದ ಜೋಡಿಗಳಿಗೆ ಈ ಮಾತು ಕಡಿಮೆಯಾಗುತ್ತ ಬರುತ್ತದೆ. ಭುಜದ ಸಣ್ಣ ಅಲುಗಾಟ, ಪೆಡಲ್ ಮೇಲಿನ ಒತ್ತಡದ ಏರುಪೇರು ಸಾಕಾಗುತ್ತದೆ.

ಈ ಗಾಡಿಯ ಗುಣ ತಿಳಿಯುವುದು ಗುಡ್ಡದ ನಾಡಿನಲ್ಲಿ. ಸಮತಟ್ಟಾದ ದಾರಿಯಲ್ಲಿ ಸೈಕಲ್ ಸವಾರನ ದೊಡ್ಡ ಎದುರಾಳಿ ಗಾಳಿ. ಜೋಡಿ ಸೈಕಲ್ಲಿನಲ್ಲಿ ಗಾಳಿಗೆ ಎದೆಯೊಡ್ಡುವವರು ಒಬ್ಬರು, ತುಳಿಯುವವರು ಇಬ್ಬರು. ಹಿಂದಿನವರು ಮುಂದಿನವರ ಮರೆಯಲ್ಲೇ ಸಾಗುವುದರಿಂದ ಇದೇ ಇಬ್ಬರು ಬೇರೆ ಬೇರೆ ಸೈಕಲ್ಲಿನಲ್ಲಿ ಹೋಗುವುದಕ್ಕಿಂತ ಕಡಿಮೆ ದಣಿವಿನಲ್ಲಿ ಹೆಚ್ಚು ವೇಗ ಸಿಗುತ್ತದೆ. ಏರಿನಲ್ಲಿ ಆ ಲಾಭ ಕರಗುತ್ತದೆ. ಅಲ್ಲಿ ಗೆಲ್ಲಬೇಕಾದದ್ದು ತೂಕವನ್ನು, ತೂಕವೋ ಇಬ್ಬರದ್ದು. ಒಬ್ಬರು ಸೀಟು ಬಿಟ್ಟು ಎದ್ದು ತುಳಿದರೆ ಗಾಡಿ ಓಲಾಡುತ್ತದೆ, ಆದ್ದರಿಂದ ಕುಳಿತೇ, ಸಣ್ಣ ಗೇರಿನಲ್ಲಿ, ಒಂದೇ ಲಯದಲ್ಲಿ ಏರಬೇಕು. ಇಳುಕಲಿನಲ್ಲಿ ಕಥೆ ಮತ್ತೆ ಬದಲಾಗುತ್ತದೆ. ಇಬ್ಬರ ಭಾರ ಹೊತ್ತ ಗಾಡಿ ಒಂಟಿ ಸೈಕಲ್ಲುಗಳನ್ನು ಹಿಂದೆ ಹಾಕಿ ಓಡುತ್ತದೆ. ಉದ್ದದ ಇಳಿತದಲ್ಲಿ ಬ್ರೇಕ್ ಹಿಡಿದೇ ಇದ್ದರೆ ಗಾಲಿಯ ಅಂಚು ಕಾದು ಟ್ಯೂಬು ಸಿಡಿಯುವ ಅಪಾಯವಿದೆ. ಗುಡ್ಡಗಾಡಿಗೆಂದೇ ಕಟ್ಟಿದ ಜೋಡಿ ಸೈಕಲ್‌ಗಳಿಗೆ ಮೂರನೆಯ ಬ್ರೇಕ್, ಹೆಚ್ಚು ಕಡ್ಡಿಗಳ ಗಟ್ಟಿ ಗಾಲಿ ಹಾಕುವುದು ಇದಕ್ಕಾಗಿಯೇ.

ಜೋಡಿಯಾಗಿ ಸೈಕಲ್ ಏರಿ ರಜೆ ಕಳೆಯುವ ರೂಢಿ ಬೇರೂರಿದ್ದು ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ. 1878ರಲ್ಲಿ ಹ್ಯಾರೋಗೇಟ್ ಪಟ್ಟಣದಲ್ಲಿ ಸೈಕಲ್ ಪ್ರವಾಸಿಗರ ಸಂಘವೊಂದು ಹುಟ್ಟಿತು. ಅದು ಇಂದಿಗೂ ಸೈಕ್ಲಿಂಗ್ ಯುಕೆ ಎಂಬ ಹೆಸರಿನಲ್ಲಿ ಉಳಿದಿದೆ. 1884ರಲ್ಲಿ ಹೊಸದಾಗಿ ಮದುವೆಯಾದ ಎಲಿಜಬೆತ್ ಮತ್ತು ಜೋಸೆಫ್ ಪೆನೆಲ್ ಎಂಬ ಅಮೆರಿಕದ ದಂಪತಿ ಇಬ್ಬರು ತುಳಿಯುವ ಮೂರು ಗಾಲಿಯ ಸೈಕಲ್ಲಿನಲ್ಲಿ ಲಂಡನ್ನಿನಿಂದ ಕ್ಯಾಂಟರ್ಬರಿಗೆ ಹೋದರು. ಮರುವರ್ಷ ಆ ಪಯಣ ಪುಸ್ತಕವಾಯಿತು, ಬರಹ ಎಲಿಜಬೆತ್ ಅವರದು, ಚಿತ್ರ ಜೋಸೆಫ್ ಅವರದು. ಆ ಕಾಲದ ಜೋಡಿ ಗಾಡಿಗಳಲ್ಲಿ ಹೆಂಗಸನ್ನು ಮುಂದೆ ಕೂರಿಸಿ, ಹಿಂದಿನವರ ಕೈಗೂ ತಿರುಗುವ ಹ್ಯಾಂಡಲ್ ಕೊಡುವ ಏರ್ಪಾಡೂ ಇತ್ತು. 1930ರಲ್ಲಿ ಯುವ ಪ್ರವಾಸಿಗರಿಗಾಗಿ ಅಗ್ಗದ ತಂಗುದಾಣಗಳ ಸಂಸ್ಥೆ ಶುರುವಾದ ಮೇಲೆ ಕಾರ್ಖಾನೆಯಲ್ಲಿ, ಕಚೇರಿಯಲ್ಲಿ ದುಡಿಯುವ ಜೋಡಿಗಳಿಗೂ ಇಂಥ ರಜೆ ಕೈಗೆಟುಕಿತು. ಅಲ್ಲಿನ ಗುಡ್ಡಗಳು ಎತ್ತರದಲ್ಲಿ ದೊಡ್ಡವಲ್ಲ, ಕಡಿದಾದವು. ಸರಕಾರಿ ನಕಾಶೆಯಲ್ಲಿ ರಸ್ತೆಯ ಮೇಲೆ ಒಂದು ಬಾಣದ ಗುರುತಿದ್ದರೆ ಏಳಕ್ಕೆ ಒಂದರಷ್ಟು ಏರು, ಎರಡು ಬಾಣವಿದ್ದರೆ ಐದಕ್ಕೆ ಒಂದಕ್ಕಿಂತ ಹೆಚ್ಚು. ನಕಾಶೆಯಲ್ಲಿ ಎರಡು ಬಾಣ ಕಂಡರೆ ಜೋಡಿ ಸೈಕಲ್ಲಿನವರು ಇಳಿದು ತಳ್ಳುವ ಸಿದ್ಧತೆಯನ್ನು ಮೊದಲೇ ಮಾಡಿಕೊಳ್ಳುತ್ತಾರೆ.

ಭಾರತಕ್ಕೂ ಇಂಥ ಒಂದು ಜೋಡಿ ಬಂದಿತ್ತು. ಫ್ಯಾನಿ ಬುಲಕ್ ವರ್ಕ್‌ಮನ್ ಮತ್ತು ವಿಲಿಯಂ ಹಂಟರ್ ವರ್ಕ್‌ಮನ್ ದಂಪತಿ ಹತ್ತೊಂಬತ್ತನೇ ಶತಮಾನದ ಕೊನೆಯ ವರ್ಷಗಳಲ್ಲಿ, ಬೇರೆ ಬೇರೆ ಸೈಕಲ್ಲಿನಲ್ಲಿ ಆದರೂ ಒಂದೇ ದಾರಿಯಲ್ಲಿ, ಸುಮಾರು 14,000 ಮೈಲಿ ತಿರುಗಿದರು. 1904ರಲ್ಲಿ ಪ್ರಕಟವಾದ ಅವರ ಪುಸ್ತಕದ ಜೀವಾಳ ಹಳೆಯ ಗುಡಿಗಳ ಶಿಲ್ಪ. ಫ್ಯಾನಿ ಮುಂದೆ ಕಾರಕೋರಂ ಹಿಮಶಿಖರಗಳನ್ನು ಹತ್ತಿದರು, 1912ರಲ್ಲಿ ಸಿಯಾಚಿನ್ ನೀರ್ಗಲ್ಲಿನ ಮೇಲೆ ನಿಂತು ಹೆಣ್ಣುಮಕ್ಕಳಿಗೆ ಮತದ ಹಕ್ಕು ಬೇಕೆಂಬ ಪತ್ರಿಕೆಯನ್ನು ಎತ್ತಿ ಹಿಡಿದರು. ಅವರ ಧೈರ್ಯಕ್ಕೆ ಸರಿಸಾಟಿ ಕಡಿಮೆ. ಆದರೂ ಗುಡಿಗಳ ಮೇಲೆ ಅವರಿಗಿದ್ದ ಅಕ್ಕರೆ ಗುಡಿಯ ನೆರಳಿನ ಜನರ ಮೇಲೆ ಅಷ್ಟಾಗಿ ಕಾಣುವುದಿಲ್ಲ. ಸೈಕಲ್ಲಿನ ವೇಗದಲ್ಲಿ ಜನರ ಮುಖ, ಕೆಲಸ, ಮಾತು ಎಲ್ಲ ಕೈಗೆಟುಕುವಷ್ಟು ಹತ್ತಿರ ಸಿಗುತ್ತವೆ. ಅವನ್ನು ಬಿಟ್ಟು ಕಲ್ಲನ್ನಷ್ಟೇ ನೋಡಿದ ಪ್ರವಾಸ ಅರ್ಧ ಪ್ರವಾಸ.

ಕರ್ನಾಟಕದ ಹಳ್ಳಿಗಳಲ್ಲಿ ಜೋಡಿ ಸೈಕಲ್ ಕಾಣಸಿಗದಿದ್ದರೂ ಜೋಡಿ ಸವಾರಿ ಹೊಸದಲ್ಲ. ಅದರ ಹೆಸರು ಡಬಲ್. ಅಟ್ಲಾಸ್, ಹರ್ಕ್ಯುಲಿಸ್, ಹೀರೊ ಎಂಬ ಹೆಸರಿನಲ್ಲಿ ಊರೂರು ಸೇರಿದ ಕರಿಯ ದೊಡ್ಡ ಸೈಕಲ್ ಮೂಲತಃ ಇಂಗ್ಲೆಂಡಿನ ರೋಡ್‌ಸ್ಟರ್ ಮಾದರಿಯದೇ. ಉದ್ದ ಚೌಕಟ್ಟು, 28 ಇಂಚಿನ ಗಾಲಿ, ಸರಳಿನ ಬ್ರೇಕ್, ಹಿಂದೆ ಗಟ್ಟಿ ಕ್ಯಾರಿಯರ್. ಇಲ್ಲಿಗೆ ಬಂದ ಮೇಲೆ ಆ ಕ್ಯಾರಿಯರ್ ಸಂಸಾರದ ಆಸನವಾಯಿತು. ಗಂಡ ತುಳಿಯುವವನು, ಹೆಂಡತಿ ಒಂದು ಬದಿಗೆ ಕಾಲು ಇಳಿಬಿಟ್ಟು ಹಿಂದೆ, ಮಗು ಮುಂದಿನ ಸರಳಿನ ಮೇಲೆ, ಹ್ಯಾಂಡಲ್ಲಿಗೆ ಬುತ್ತಿಯ ಚೀಲ. ಜಾತ್ರೆ, ಸಂತೆ, ತವರು, ದವಾಖಾನೆ ಎಲ್ಲ ದಾರಿಗಳನ್ನೂ ಸಾವಿರಾರು ಕುಟುಂಬಗಳು ಹೀಗೆಯೇ ಸವೆಸಿವೆ. 2006–07ರಿಂದ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ತೊಡಗಿದಾಗ ತುಳಿಯುವ ಕಾಲು ಹೆಣ್ಣುಮಕ್ಕಳದ್ದೂ ಆಯಿತು. ಗೆಳತಿಯನ್ನು ಹಿಂದೆ ಕೂರಿಸಿಕೊಂಡು ಹೈಸ್ಕೂಲಿಗೆ ಹೋಗುವ ಹುಡುಗಿ ಹಳ್ಳಿಯ ರಸ್ತೆಯಲ್ಲಿ ದಿನನಿತ್ಯದ ನೋಟವಾದಳು.

ಡಬಲ್ ಸವಾರಿಯಲ್ಲಾಗಲಿ ಜೋಡಿ ಸೈಕಲ್ಲಿನಲ್ಲಾಗಲಿ ಒಂದು ಸಂಗತಿ ಬದಲಾಗುವುದಿಲ್ಲ. ಮುಂದಿನವರ ಕಣ್ಣು ದಾರಿಗೆ ಅಂಟಿರುತ್ತದೆ, ಹಿಂದಿನವರ ಕಣ್ಣು ಬಿಡುವಾಗಿರುತ್ತದೆ. ತಗ್ಗು, ಮಣ್ಣಿನ ಹೆಂಟೆ, ಎದುರು ಬರುವ ಟ್ರ್ಯಾಕ್ಟರು ಮುಂದಿನವರ ಪಾಲು. ಹೊಲದ ಬೆಳೆ, ಕಟ್ಟೆಯ ಮೇಲಿನ ಜನ, ಆಕಾಶದ ಬಣ್ಣ ಹಿಂದಿನವರ ಪಾಲು. ಕಣ್ಣು ಕಾಣದವರು ಹಿಂದಿನ ಸೀಟಿನಲ್ಲಿ ಕುಳಿತು ತುಳಿಯುವ ಸ್ಪರ್ಧೆ ಪ್ಯಾರಾಲಿಂಪಿಕ್ಸಿನಲ್ಲಿದೆ. ಅವರು ದಾರಿಯನ್ನು ಕಿವಿಯಿಂದ, ಚರ್ಮದಿಂದ, ಪೆಡಲಿನ ಭಾರದಿಂದ ಓದುತ್ತಾರೆ. ಪ್ರವಾಸ ಕಥನಗಳನ್ನು ಹೆಚ್ಚಾಗಿ ಮುಂದಿನ ಸೀಟಿನವರು ಬರೆದಿದ್ದಾರೆ. ಕ್ಯಾರಿಯರ್ ಮೇಲೆ ಕುಳಿತು ನಾಡನ್ನೆಲ್ಲ ನಿಧಾನವಾಗಿ ನೋಡಿದ ಹೆಣ್ಣುಮಕ್ಕಳ ಕಥನ ಬಹುಮಟ್ಟಿಗೆ ಬರೆಹಕ್ಕೆ ಇಳಿದೇ ಇಲ್ಲ. ಹಾವೇರಿ ಜಿಲ್ಲೆಯ ಐರಣಿಯಿಂದ ಬ್ಯಾಡಗಿಯವರೆಗಿನ ಸೀಮೆಯನ್ನು ಎರಡೂ ಸೀಟುಗಳಿಂದ ನೋಡಬೇಕು.

ಐರಣಿ ರಾಣೆಬೆನ್ನೂರು ತಾಲ್ಲೂಕಿನ ತೆಂಕಣ ಅಂಚಿನಲ್ಲಿ ತುಂಗಭದ್ರೆಯ ಎಡದಂಡೆಯ ಊರು. ಕೂಡ್ಲಿಯಲ್ಲಿ ಒಂದಾದ ತುಂಗೆ ಮತ್ತು ಭದ್ರೆ ಹೊನ್ನಾಳಿಯನ್ನು ದಾಟಿ ಈ ಸೀಮೆಗೆ ಬರುವಾಗ ಹೊಳೆಯ ಪಾತ್ರ ಅಗಲವಾಗಿರುತ್ತದೆ. ಮಳೆಗಾಲದಲ್ಲಿ ಕೆಂಪು ನೀರು ದಂಡೆ ತುಂಬಿ ಹರಿದರೆ, ಬೇಸಿಗೆಯಲ್ಲಿ ಬಂಡೆ, ಮರಳು, ನಡುವೆ ಸೀಳು ಸೀಳಾದ ನೀರು. ಹೊಳೆಯ ದಂಡೆಯಲ್ಲೇ ಹೊಳೆಮಠವಿದೆ, ಹಳೆಯ ಕೋಟೆಯ ಗುರುತುಗಳಿವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ತಪ್ಪಿಸಿಕೊಂಡ ಚನ್ನಗಿರಿಯ ಧೋಂಡಿಯ ವಾಘ್ ಈ ಭಾಗದ ಕೋಟೆಗಳನ್ನು ಹಿಡಿದು ಇಂಗ್ಲಿಷರಿಗೆ ಸವಾಲಾದ. ಅವನ ಬೆನ್ನು ಹತ್ತಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿ 1800ರ ಜೂನ್ ತಿಂಗಳಲ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ ಐರಣಿಯನ್ನೂ ರಾಣೆಬೆನ್ನೂರನ್ನೂ ವಶಮಾಡಿಕೊಂಡ. ಧೋಂಡಿಯ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೋಣಗಲ್ಲಿನಲ್ಲಿ ಹತನಾದ. ವೆಲ್ಲೆಸ್ಲಿ 1815ರಲ್ಲಿ ವಾಟರ್‌ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಡ್ಯೂಕ್ ಎಂದು ಜಗತ್ತಿಗೆ ಪರಿಚಿತ. ಅವನ ಹೆಸರಿನ ಸ್ಮಾರಕಗಳು ಇಂಗ್ಲೆಂಡಿನಲ್ಲಿ ಊರೂರಿಗೂ ಇವೆ. ಐರಣಿಯ ಮಣ್ಣಿನ ಗೋಡೆ ಮಾತ್ರ ಮಳೆಗೆ ಕರಗಿ ಹೊಲಕ್ಕೆ ಸೇರುತ್ತಿದೆ.

ಐರಣಿ ಹೆಸರಾದದ್ದು ಕಂಬಳಿಗೆ. ಬಯಲುಸೀಮೆಯ ದಖ್ಖನಿ ಕುರಿಯ ಉಣ್ಣೆ ಒರಟು, ಬಣ್ಣ ಬಹುಮಟ್ಟಿಗೆ ಕಪ್ಪು. ವರ್ಷಕ್ಕೆ ಎರಡು ಸಲ ಕುರಿಗಳ ಮೈ ಕತ್ತರಿಸಿ ತೆಗೆದ ಉಣ್ಣೆಯನ್ನು ಬಿಡಿಸಿ, ಹಿಂಜಿ, ಹೆಂಗಸರು ನೂಲು ತೆಗೆಯುತ್ತಾರೆ. ಹಾಸುನೂಲಿಗೆ ಹುಣಸೆಬೀಜದ ಗಂಜಿ ಬಳಿದು ಒಣಗಿಸಿ, ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು ಗಂಡಸರು ನೇಯುತ್ತಾರೆ. ಈ ಕೆಲಸ ತಲೆಮಾರುಗಳಿಂದ ಕುರುಬರ ಮನೆಗಳದು. ಗಂಜಿ ಕುಡಿದ ಹೊಸ ಕಂಬಳಿ ರಟ್ಟಿನಂತೆ ಬಿಗಿಯಾಗಿರುತ್ತದೆ, ಬಳಸಿದಷ್ಟೂ ಮೆತ್ತಗಾಗುತ್ತದೆ. ಕೊಪ್ಪೆ ಹಾಕಿಕೊಂಡರೆ ಮಳೆಯ ನೀರು ಜಾರಿಹೋಗುತ್ತದೆ. ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ, ಹೊಲದಲ್ಲಿ ಕಾಳು ಕಟ್ಟುವ ಗಂಟು. ಮದುವೆಯಲ್ಲಿ, ದೇವರ ಕಾರ್ಯದಲ್ಲಿ ಕಂಬಳಿ ಹಾಸಿ ಗದ್ದುಗೆ ಮಾಡುವ ಸಂಪ್ರದಾಯ ಈ ಭಾಗದಲ್ಲಿ ಇಂದಿಗೂ ಗಟ್ಟಿ.

ಇಂಗ್ಲೆಂಡಿನ ಸೈಕಲ್ ಪ್ರವಾಸಿಗರು ಮುಗಿಬೀಳುವ ಕಾಟ್ಸ್‌ವೋಲ್ಡ್ ಗುಡ್ಡಗಳ ಸಿರಿಯೂ ಕುರಿಯ ಬೆನ್ನಿನಿಂದ ಬಂದದ್ದೇ. ನಾರ್ತ್‌ಲೀಚ್, ಚಿಪಿಂಗ್ ಕ್ಯಾಂಪ್ಡನ್ ಊರುಗಳಲ್ಲಿ ಹದಿನೈದನೇ ಶತಮಾನದ ಉಣ್ಣೆ ವರ್ತಕರು ತಮ್ಮ ಗಳಿಕೆಯಿಂದ ಚರ್ಚುಗಳನ್ನು ಎತ್ತರಕ್ಕೆ ಕಟ್ಟಿಸಿದರು. ಇಂದು ಪ್ರವಾಸಿಗರು ಅವನ್ನು ನೋಡಲೆಂದೇ ಗುಡ್ಡ ಹತ್ತಿ ಬರುತ್ತಾರೆ, ಅಲ್ಲೇ ಚಹಾ ಕುಡಿಯುತ್ತಾರೆ, ಒಂದು ರಾತ್ರಿ ಉಳಿದು ಹೋಗುತ್ತಾರೆ. ಐರಣಿಯ ಉಣ್ಣೆಗೆ ಅಂಥ ವರ್ತಕರ ಸಿರಿ ಸಿಗಲಿಲ್ಲ, ನೇಕಾರರ ಕೈಗೆ ಬಂದದ್ದು ಕೂಲಿಯಷ್ಟೇ. ಈಗ ಗಿರಣಿಯ ಅಗ್ಗದ ರಗ್ಗುಗಳ ಎದುರು ಕುಣಿಮಗ್ಗ ಉಸಿರುಕಟ್ಟಿ ನಿಂತಿದೆ. ಮಾಂಸಕ್ಕಾಗಿ ಸಾಕುವ ಬೇರೆ ತಳಿಯ ಕುರಿಗಳು ಹೆಚ್ಚಿದಂತೆ ಒಳ್ಳೆಯ ಕರಿ ಉಣ್ಣೆ ಸಿಗುವುದೂ ಕಷ್ಟವಾಗಿದೆ. ಈ ದಾರಿಯಲ್ಲಿ ಪ್ರವಾಸ ಹೊರಡುವ ಜೋಡಿಗೆ ಒಂದು ಕಂಬಳಿ ಕೊಳ್ಳುವುದು ಹೊರೆಯಲ್ಲ. ಮಡಚಿ ಹಿಂದಿನ ಕ್ಯಾರಿಯರಿಗೆ ಬಿಗಿದರೆ ಚಳಿಗಾಲದ ನಸುಕಿನಲ್ಲಿ ಅದಕ್ಕಿಂತ ಒಳ್ಳೆಯ ಸಂಗಾತಿ ಇಲ್ಲ. ನೇಕಾರರ ಮನೆಯ ಕಟ್ಟೆಯ ಮೇಲೆ ಕುಳಿತು ಬೆಲೆ ಮಾತಾಡಿ, ನೂಲು ತೆಗೆದವರ ಕೈಯಿಂದಲೇ ಪಡೆಯುವುದು ಒಳ್ಳೆಯದು.

ಐರಣಿಯಿಂದ ರಾಣೆಬೆನ್ನೂರಿಗೆ 20 ಕಿ.ಮೀ. ಒಳಗಿನ ದಾರಿ. ನೋಡಲು ನೆಲ ಚಪ್ಪಟೆ, ತುಳಿಯುವಾಗ ಹಾಗಲ್ಲ. ಹೊಳೆಯ ತಗ್ಗಿನಿಂದ ಹೊರಬಿದ್ದ ರಸ್ತೆ ಉದ್ದುದ್ದ ದಿಬ್ಬಗಳನ್ನು ಏರುತ್ತ, ಹಳ್ಳಗಳಿಗೆ ಇಳಿಯುತ್ತ ಸಾಗುತ್ತದೆ. ಇಲ್ಲಿಯ ಏರು ಕಣ್ಣಿಗೆ ಕಾಣುವ ಮೊದಲು ತೊಡೆಗೆ ತಿಳಿಯುತ್ತದೆ. ಇಂಗ್ಲೆಂಡಿನ ಏರು ಒಂದೆರಡು ಫರ್ಲಾಂಗಿನಲ್ಲಿ ಉಸಿರು ಕಿತ್ತು ಮುಗಿದುಹೋದರೆ, ಇಲ್ಲಿಯದು ಮೈಲುಗಟ್ಟಲೆ ಸಣ್ಣಗೆ ಎಳೆಯುತ್ತದೆ. ಜೋಡಿ ಸೈಕಲ್ಲಿಗೆ ಒಗ್ಗುವುದು ಈ ಎರಡನೆಯ ಬಗೆ. ಒಂದು ಇಳಿತದಲ್ಲಿ ಗಳಿಸಿದ ಓಟ ಮುಂದಿನ ಏರಿನ ಅರ್ಧದವರೆಗೆ ಗಾಡಿಯನ್ನು ಕೊಂಡೊಯ್ಯುತ್ತದೆ, ಉಳಿದರ್ಧಕ್ಕೆ ನಾಲ್ಕು ಕಾಲುಗಳು ಸಾಕು.

ಈ ದಿಬ್ಬಗಳ ಕಲ್ಲಿಗೆ ಭೂವಿಜ್ಞಾನದಲ್ಲಿ ರಾಣೆಬೆನ್ನೂರಿನದೇ ಹೆಸರು. ಚಿತ್ರದುರ್ಗ ಶಿಲಾಸಮೂಹದ ಮೇಲ್ಪದರಗಳನ್ನು ವಿಜ್ಞಾನಿಗಳು ರಾಣೆಬೆನ್ನೂರು ಉಪಗುಂಪು ಎಂದು ಕರೆಯುತ್ತಾರೆ. ಅದರ ಮುಖ್ಯ ಶಿಲೆ ಗ್ರೇವ್ಯಾಕ್, ಅಂದರೆ ಪುರಾತನ ಸಮುದ್ರತಳದಲ್ಲಿ ಕೆಸರು ಮತ್ತು ಮರಳು ಕೂಡಿ ಗಟ್ಟಿಯಾದ ಬೂದುಬಣ್ಣದ ಕಲ್ಲು. ವಯಸ್ಸು ಸುಮಾರು 260 ಕೋಟಿ ವರ್ಷ. ಕಾಟ್ಸ್‌ವೋಲ್ಡಿನ ಜೇನುಬಣ್ಣದ ಸುಣ್ಣಕಲ್ಲಿಗೆ ಸುಮಾರು 17 ಕೋಟಿ ವರ್ಷ. ಇಂಗ್ಲೆಂಡಿನ ಗುಡ್ಡಗಳಿಗೆ ಇನ್ನೂ ಚೂಪು ಉಳಿದಿದೆ, ಇಲ್ಲಿಯವು ಯುಗಯುಗಗಳ ಮಳೆ ಬಿಸಿಲಿಗೆ ಸವೆದು ಬೆನ್ನು ಬಾಗಿಸಿವೆ. ಕಲ್ಲು ಸವೆದು ಕೆಲವೆಡೆ ಕೆಂಪು ಮಸಾರಿ, ಕೆಲವೆಡೆ ಕರಿ ಎರೆ. ಸೈಕಲ್ಲಿನವರಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು. ಮಸಾರಿ ಹಾದಿಯಲ್ಲಿ ಮಳೆ ನಿಂತ ತಾಸಿನಲ್ಲೇ ಹೊರಡಬಹುದು. ಎರೆಯಲ್ಲಿ ಮಳೆ ಬಂದರೆ ಮಣ್ಣು ಗಾಲಿಗೆ ಸುತ್ತಿ ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ತುಂಬಿಕೊಳ್ಳುತ್ತದೆ, ಗಾಲಿ ತಿರುಗುವುದೇ ನಿಲ್ಲುತ್ತದೆ. ಉದ್ದನೆಯ ಜೋಡಿ ಸೈಕಲ್ಲನ್ನು ಹೆಗಲಿಗೇರಿಸಿ ಡಾಂಬರಿನವರೆಗೆ ಸಾಗಿಸುವುದು ಇಬ್ಬರಿಗೂ ಮರೆಯಲಾಗದ ಶ್ರಮ.

ಇದೇ ಕಾರಣಕ್ಕೆ ಪ್ರವಾಸಕ್ಕೆ ತಕ್ಕ ಕಾಲ ದೀಪಾವಳಿಯಿಂದ ಶಿವರಾತ್ರಿಯವರೆಗೆ. ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿ ಮಲೆನಾಡನ್ನು ದಾಟಿ ಈ ಬಯಲಿನ ಮೇಲೆ ಬಿಡುವಿಲ್ಲದೆ ಬೀಸುತ್ತದೆ, ರಾಣೆಬೆನ್ನೂರಿನಿಂದ ಹಾವೇರಿಯ ಕಡೆಗೆ ಹೋಗುವವರ ಎದೆಗೇ ಬಡಿಯುತ್ತದೆ. ಚಳಿಗಾಲದಲ್ಲಿ ಗಾಳಿ ಮೂಡಣದಿಂದ, ಬೆನ್ನಿಗೆ. ಆದರೆ ಸುಗ್ಗಿಯ ಕಾಲಕ್ಕೆ ಅದರದೇ ಅಡಚಣೆಗಳಿವೆ. ಹಾವೇರಿ ಜಿಲ್ಲೆ ಗೋವಿನಜೋಳದ ದೊಡ್ಡ ನೆಲ. ಕಣಕ್ಕೆ ಜಾಗವಿಲ್ಲದವರು ರಸ್ತೆಯ ಒಂದು ಪಕ್ಕಕ್ಕೆ ಕಾಳು ಹರಡಿ ಒಣಗಿಸುತ್ತಾರೆ, ಹುರುಳಿ ಮತ್ತಿತರ ಬೆಳೆಯ ಕಂತೆಗಳನ್ನು ವಾಹನಗಳ ಗಾಲಿಗೆ ಸಿಗುವಂತೆ ಹಾಸಿ ಒಕ್ಕಣೆ ಮಾಡಿಸುತ್ತಾರೆ. ಅದರ ಎಳೆಗಳು ಚೈನಿಗೆ ಸುತ್ತಿಕೊಂಡರೆ ಇಳಿದು ಬಿಡಿಸಬೇಕು. ಜಾಲಿಯ ಮುಳ್ಳಂತೂ ಯಾವ ಕಾಲದಲ್ಲೂ ತಪ್ಪಿದ್ದಲ್ಲ. ಪಂಕ್ಚರ್ ತಿದ್ದುವ ಅಂಗಡಿ ಪ್ರತಿ ದೊಡ್ಡ ಊರಿನಲ್ಲಿದೆ, ಅಂಗಡಿಯವರು ಎರಡು ಸೀಟಿನ ಗಾಡಿಯನ್ನು ಕುತೂಹಲದಿಂದ ಸುತ್ತಿ ನೋಡಿ, ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿರಿ ಎಂದು ಕೇಳಿ, ಚಹಾ ತರಿಸಿ, ಆಮೇಲೆ ಕೆಲಸಕ್ಕೆ ಕೈ ಹಚ್ಚುತ್ತಾರೆ. ಅವಸರದವರಿಗೆ ಈ ಸೀಮೆ ಹೇಳಿದ್ದಲ್ಲ.

ರಾಣೆಬೆನ್ನೂರು ಬೀಜದ ವ್ಯಾಪಾರದ ಊರು, ಹತ್ತಿ, ತರಕಾರಿಗಳ ಹೈಬ್ರಿಡ್ ಬೀಜಕ್ಕೆ ದೂರದೂರದವರೆಗೆ ಹೆಸರಿದೆ. ಸುತ್ತಲಿನ ಹೊಲಗಳಲ್ಲಿ ಹೂವಿಗೆ ಹೂವು ತಾಗಿಸಿ ಪರಾಗ ಹಚ್ಚುವ ಸೂಕ್ಷ್ಮ ಕೆಲಸ ಮಾಡುವವರು ಹೆಚ್ಚಾಗಿ ಹೆಂಗಸರು. ಮುಂದಿನ ಸೀಟಿನವರಿಗೆ ಅದು ಬರಿಯ ಹಸಿರು, ಹಿಂದಿನವರಿಗೆ ಸಾಲಿನಲ್ಲಿ ಬಾಗಿದ ಬೆನ್ನುಗಳೂ ಬೆರಳುಗಳೂ ಕಾಣುತ್ತವೆ.

ಊರಿನ ಆಚೆ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ. 1974ರಲ್ಲಿ ಘೋಷಣೆಯಾದ 119 ಚದರ ಕಿ.ಮೀ. ಕಾಡಿಗೆ ಹುಲತ್ತಿ, ಹುಣಸೀಕಟ್ಟಿ, ಅಲಗೇರಿ ಎಂಬ ಮೂರು ತುಂಡುಗಳು. ಕಾಡೆಂಬ ಮಾತು ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ, ಏಕೆಂದರೆ ಕೃಷ್ಣಮೃಗಕ್ಕೆ ಬೇಕಾದದ್ದು ಮರವಲ್ಲ, ಹುಲ್ಲುಗಾವಲು. ಶತ್ರುವನ್ನು ದೂರದಿಂದಲೇ ಕಂಡು ಓಡಿ ಬದುಕುವ ಪ್ರಾಣಿ ಅದು. ಇಲ್ಲಿನ ಬಯಲನ್ನು ಬಂಜರೆಂದು ಎಣಿಸಿ ನೀಲಗಿರಿ ನೆಡಲಾಯಿತು. ಕೃಷ್ಣಮೃಗಗಳು ಹೇಗೋ ಹೊಂದಿಕೊಂಡವು, ಹೊಲಗಳಿಗೂ ನುಗ್ಗಿ ಮೇಯುತ್ತವೆ. ಇದೇ ಬಯಲಿನಲ್ಲಿ ಒಂದು ಕಾಲಕ್ಕೆ ಓಡಾಡುತ್ತಿದ್ದ ಎರೆಭೂತ ಎಂಬ ಭಾರಿ ನೆಲಹಕ್ಕಿ ಹೊಂದಿಕೊಳ್ಳಲಾರದೆ ಕಣ್ಮರೆಯಾಯಿತು. ಹುಲ್ಲು ಬೆಳೆದ ನೆಲವನ್ನು ಖಾಲಿ ನೆಲವೆಂದು ತಿಳಿದದ್ದರ ಬೆಲೆ ಅದು, ಅದನ್ನು ತೆತ್ತದ್ದು ಹಕ್ಕಿ. ಮುಂಜಾನೆ ರಸ್ತೆಯ ಅಂಚಿನಲ್ಲಿ ಜೋಡಿ ಸೈಕಲ್ ಸದ್ದಿಲ್ಲದೆ ಸಾಗುವಾಗ ಹಿಂಡು ತಲೆಯೆತ್ತಿ ನೋಡುತ್ತದೆ. ಕರಿಯ ಗಂಡು, ತಿರುಪಿದ ಕೊಂಬು, ಕಂದು ಹೆಣ್ಣುಗಳು. ಎಂಜಿನ್ನಿನ ಸದ್ದಿಗೆ ಚದುರುವ ಪ್ರಾಣಿಗಳು ಸೈಕಲ್ಲಿಗೆ ಕೊಂಚ ಹೆಚ್ಚು ಹೊತ್ತು ನಿಲ್ಲುತ್ತವೆ. ಆದರೂ ಇಳಿದು ಹತ್ತಿರ ಹೋಗಬಾರದು.

ರೈಲು ಹಳಿಯ ದಿಕ್ಕಿನಲ್ಲಿ ವಾಯವ್ಯಕ್ಕೆ ಹೋದರೆ ದೇವರಗುಡ್ಡ. ಮೈಲಾರಲಿಂಗನ ಇನ್ನೊಂದು ನೆಲೆಯಾದ ಈ ಗುಡ್ಡದಲ್ಲಿ ಅವನ ಹೆಸರು ಮಾಲತೇಶ. ಭಕ್ತರಾದ ಗೊರವರ ಮೈಮೇಲೆ ಕರಿಯ ಕಂಬಳಿಯ ಅಂಗಿ, ಕೈಯಲ್ಲಿ ಡಮರುಗ. ಐರಣಿಯ ಮಗ್ಗದಲ್ಲಿ ಕಂಡ ಉಣ್ಣೆ ಇಲ್ಲಿ ದೇವರ ಬಟ್ಟೆಯಾಗಿ ನಿಲ್ಲುತ್ತದೆ. ಕುರಿ ಕಾಯುವವರು, ನೂಲುವವರು, ನೇಯುವವರು, ಗೊರವರು ಎಲ್ಲ ಒಂದೇ ಬದುಕಿನ ಎಳೆಗಳು ಎನ್ನುವುದು ಈ ದಾರಿಯಲ್ಲಿ ನಿಧಾನವಾಗಿ ಹೋದವರಿಗೆ ತಾನಾಗಿ ತಿಳಿಯುತ್ತದೆ. ದಸರೆಯ ಹೊತ್ತಿಗೆ ಇಲ್ಲಿ ಕಾರಣಿಕ ನಡೆಯುತ್ತದೆ. ಗೊರವಯ್ಯ ಎತ್ತರದ ಬಿಲ್ಲನ್ನೇರಿ, ಜನಸಾಗರವನ್ನು ಸುಮ್ಮನಾಗಿಸಿ, ಒಂದೇ ಒಂದು ಸಾಲಿನ ನುಡಿ ಹೇಳಿ ಕೆಳಗೆ ಬೀಳುತ್ತಾನೆ. ಮಳೆ, ಬೆಳೆ, ರಾಜಕೀಯಗಳ ಭವಿಷ್ಯವನ್ನು ಜನ ಆ ಸಾಲಿನಲ್ಲಿ ಹುಡುಕುತ್ತಾರೆ. ಗುಡ್ಡದ ಏರು ಈ ಇಡೀ ದಾರಿಯಲ್ಲಿ ಕಡಿದಾದದ್ದು, ಜೋಡಿ ಸೈಕಲ್ಲನ್ನು ಬುಡದಲ್ಲೇ ನಿಲ್ಲಿಸಿ ನಡೆದು ಹತ್ತುವುದು ಜಾಣತನ.

ಇಲ್ಲಿಂದ ಮತ್ತೆ ತುಂಗಭದ್ರೆಯ ಕಡೆಗೆ ಹೊರಳಿದರೆ ಗುತ್ತಲ ಸೀಮೆ. ಹೊಳೆಯ ದಂಡೆಯ ಚೌಡದಾನಪುರದ ಮುಕ್ತೇಶ್ವರ ಗುಡಿ ಕಲ್ಲಿನ ಕುಸುರಿಯಲ್ಲಿ ಈ ಜಿಲ್ಲೆಯ ಅತಿ ಚೆಲುವಾದ ಕಟ್ಟಡ ಎನ್ನಲು ಹಿಂಜರಿಯಬೇಕಿಲ್ಲ. ದೊಡ್ಡದಲ್ಲ, ಒಂದೇ ಗರ್ಭಗುಡಿ. ಆದರೆ ಶಿಖರದವರೆಗೂ ಉಳಿ ಮುಟ್ಟದ ಅಂಗುಲವಿಲ್ಲ. ಗುತ್ತಲದ ಗುತ್ತ ಅರಸರ ಕಾಲದ ಶಾಸನಗಳು ಆವರಣದಲ್ಲಿವೆ. ಇನ್ನೂ ಬಡಗಣಕ್ಕೆ, ವರದೆ ತುಂಗಭದ್ರೆಯನ್ನು ಸೇರುವಲ್ಲಿ ಗಳಗನಾಥ. ಚಾಲುಕ್ಯರ ಕಾಲದ ಗಳಗೇಶ್ವರ ಗುಡಿಯ ತಳ ಪಿರಮಿಡ್ಡಿನಂತೆ ಮೆಟ್ಟಿಲು ಮೆಟ್ಟಿಲಾಗಿ ಅಗಲಿಸಿದೆ.

ಕಾದಂಬರಿಕಾರ ವೆಂಕಟೇಶ ತಿರಕೊ ಕುಲಕರ್ಣಿ, ಗಳಗನಾಥರೆಂಬ ಹೆಸರು ಪಡೆದದ್ದು ಈ ಊರಿನಿಂದ. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡ ಅವರು ಕನ್ನಡದಲ್ಲಿ ಓದುಗರೇ ಇಲ್ಲವೆನ್ನುವ ಕಾಲದಲ್ಲಿ ಐತಿಹಾಸಿಕ ಕಾದಂಬರಿಗಳನ್ನು ಬರೆದರು, ಬರೆದ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಾಗಿದ್ದ ಈ ಸೀಮೆಯಲ್ಲಿ ಕನ್ನಡವನ್ನು ಮನೆಬಾಗಿಲಿಗೆ ಒಯ್ದ ನಡಿಗೆ ಅದು. ಗಳಗನಾಥರು ಹೊರೆ ಹೊತ್ತು ನಡೆದ ನೆಲದಲ್ಲಿ ಗಾಲಿಯ ಮೇಲೆ ಹೋಗುವವರು, ಯಾವ ಏರನ್ನೂ ಕಷ್ಟವೆನ್ನುವ ಮೊದಲು ಆ ಹೊರೆಯನ್ನು ನೆನೆಯುವುದು ನ್ಯಾಯ.

ಊಟದ ಮಾತು ಬಂದರೆ ಇಂಗ್ಲೆಂಡಿನ ಸೈಕಲ್ಲಿಗರು ಹಳ್ಳಿಯ ಚಹಾದಂಗಡಿಗಳನ್ನು ನಂಬಿರುವಂತೆ ಇಲ್ಲಿ ಖಾನಾವಳಿಗಳನ್ನು ನಂಬಬಹುದು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ದಾರಿಯಲ್ಲಿ ಗಿರ್ಮಿಟ್ಟು, ಮಿರ್ಚಿ. ತುಳಿದು ಬಂದ ಹೊಟ್ಟೆಗೆ ರೊಟ್ಟಿಯ ಎಣಿಕೆ ಇರುವುದಿಲ್ಲ, ಬಡಿಸುವವರೂ ಎಣಿಸುವುದಿಲ್ಲ.

ಹಾವೇರಿ ಸಮೀಪಿಸಿದಂತೆ ಹೆದ್ದಾರಿಯ ಸದ್ದು ಕಿವಿಗೆ ಬೀಳುತ್ತದೆ. ಬೆಂಗಳೂರು–ಪುಣೆ ಹೆದ್ದಾರಿ ಹರಿಹರ, ರಾಣೆಬೆನ್ನೂರು, ಮೋಟೆಬೆನ್ನೂರು, ಹಾವೇರಿಗಳನ್ನು ಒಂದೇ ಗೆರೆಯಲ್ಲಿ ಪೋಣಿಸಿದೆ. ಅದರಲ್ಲಿ ಹೋಗುವ ಕಾರಿಗೆ ಇಷ್ಟು ಹೊತ್ತು ಹೇಳಿದ ಸೀಮೆ ಅರ್ಧ ತಾಸಿನ ಹಾದಿ, ಕಿಟಕಿಯಲ್ಲಿ ಕಾಣುವುದು ಫಲಕಗಳು ಮಾತ್ರ. ಸೈಕಲ್ಲಿಗೆ ಅದು ದಾಟಲು ಮಾತ್ರ ಯೋಗ್ಯವಾದ ರಸ್ತೆ, ದಾಟುವಾಗಲೂ ಕೆಳಸೇತುವೆಯನ್ನೇ ಹುಡುಕಬೇಕು. ಹಾವೇರಿ ಪೇಟೆಯಲ್ಲಿ ಹನ್ನೆರಡನೇ ಶತಮಾನದ ಸಿದ್ಧೇಶ್ವರ ಗುಡಿ ಇದೆ, ಬಾಗಿಲು ಪಡುವಣಕ್ಕೆ ತೆರೆದಿರುವುದು ಅದರ ವಿಶೇಷ. ಏಲಕ್ಕಿಯನ್ನು ಪೋಣಿಸಿ ಮಾಡುವ ಹಾರ ಹಾವೇರಿಯ ಕೈಕಸುಬು.

ಹಾವೇರಿಯಿಂದ ತೆಂಕಣಕ್ಕೆ ಕಾಗಿನೆಲೆಯ ದಾರಿ ಮಳೆ ಹೆಚ್ಚು ಬೀಳುವ ಸೀಮೆಯ ಅಂಚಿನಲ್ಲಿ ಸಾಗುತ್ತದೆ. ಕೆರೆಗಳು, ಅಡಿಕೆ ತೋಟಗಳು ಕಾಣತೊಡಗುತ್ತವೆ, ನೆರಳೂ ಹೆಚ್ಚು. ಕಾಗಿನೆಲೆ ಕನಕದಾಸರ ನೆಲೆ, ಅವರ ಆದಿಕೇಶವ ಇಲ್ಲಿದ್ದಾನೆ. ರಾಗಿ ಮತ್ತು ಭತ್ತಗಳ ಜಗಳವನ್ನು ಕಾವ್ಯವಾಗಿಸಿ ಬಡವರ ಕಾಳಿಗೆ ಗೆಲುವು ಕೊಟ್ಟ ರಾಮಧಾನ್ಯ ಚರಿತೆಯ ಕವಿ ಅವರು. ಕುರಿ, ಕಂಬಳಿ, ರಾಗಿಗಳ ಲೋಕದಿಂದ ಬಂದು ಹರಿದಾಸ ಪರಂಪರೆಯ ನಡುವೆ ನಿಂತ ಕನಕರನ್ನು ಅರಿಯಲು ಐರಣಿಯಿಂದ ಇಲ್ಲಿಯವರೆಗಿನ ನೆಲ ಒಳ್ಳೆಯ ಪೀಠಿಕೆ.

ಕಾಗಿನೆಲೆಯಿಂದ ಮೂಡಣಕ್ಕೆ ಬ್ಯಾಡಗಿ. ಚಳಿಗಾಲದ ಕೊನೆಯಲ್ಲಿ ಈ ಊರು ಕಣ್ಣಿಗೆ ಬೀಳುವ ಮೊದಲು ಗಂಟಲಿಗೆ ತಿಳಿಯುತ್ತದೆ. ಮಾರುಕಟ್ಟೆಯ ಅಂಗಳದಲ್ಲಿ ಮೆಣಸಿನಕಾಯಿಯ ಚೀಲಗಳು ಬೆಟ್ಟದಂತೆ ಬಿದ್ದಿರುತ್ತವೆ, ಟೆಂಡರಿನ ದಿನಗಳಂದು ಕಾಲಿಡಲು ಜಾಗವಿರುವುದಿಲ್ಲ. ಪೋರ್ಚುಗೀಸರು ಅಮೆರಿಕದಿಂದ ತಂದ ಗಿಡ ಈ ನೆಲದಲ್ಲಿ ಹೊಸ ಗುಣ ಪಡೆಯಿತು. ಖಾರ ಕಡಿಮೆ, ಬಣ್ಣ ಕಡುಗೆಂಪು, ಸಿಪ್ಪೆ ಸುಕ್ಕು ಸುಕ್ಕು. ತೆಳ್ಳಗೆ ಉದ್ದನೆಯದು ಕಡ್ಡಿ, ದಪ್ಪಗೆ ಗಿಡ್ಡದ್ದು ಡಬ್ಬಿ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತು ದೊರೆಯಿತು. ಇದರಿಂದ ತೆಗೆದ ಬಣ್ಣದ ಎಣ್ಣೆ ಆಹಾರಕ್ಕೆ ಸೇರುತ್ತದೆ, ಲಿಪ್‌ಸ್ಟಿಕ್ಕಿಗೂ ಉಗುರುಬಣ್ಣಕ್ಕೂ ಹೋಗುತ್ತದೆ. ಈಗ ಮಾರುಕಟ್ಟೆಗೆ ಬರುವ ಕಾಯಿಯ ದೊಡ್ಡ ಪಾಲು ಬಳ್ಳಾರಿ, ರಾಯಚೂರು, ಆಂಧ್ರದ ಹೊಲಗಳದು. ಊರಿನ ಹೆಸರು ಬೆಳೆಯಿತು, ಊರ ಸುತ್ತಲಿನ ಹೊಲಗಳಲ್ಲಿ ಬಹಳಷ್ಟು ಗೋವಿನಜೋಳಕ್ಕೆ ತಿರುಗಿದವು. ತೊಟ್ಟು ಬಿಡಿಸುವ ಕೆಲಸದಲ್ಲಿ ಕುಳಿತ ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ದಿನವಿಡೀ ಕಾಯಿ ವಿಂಗಡಿಸುತ್ತಾರೆ. ದೂಳಿನ ಕೆಂಪು ಅವರ ಕೈಯಿಂದ ಬೇಗ ಹೋಗುವುದಿಲ್ಲ. ಮೆಣಸಿನಕಾಯಿಯ ಬಣ್ಣವನ್ನು ಹೊಗಳುವ ಯಾವ ಬರೆಹವೂ ಈ ಕೈಗಳನ್ನು ಬಿಡಬಾರದು.

ಬ್ಯಾಡಗಿ ನಿಲ್ದಾಣ ಹುಬ್ಬಳ್ಳಿ–ಹರಿಹರ ರೈಲು ದಾರಿಯ ಮೇಲಿದೆ. ಐರಣಿಗೆ ಮರಳಬೇಕಾದವರು ಮೋಟೆಬೆನ್ನೂರಿನ ಬಳಿ ಹೆದ್ದಾರಿಯನ್ನು ದಾಟಿ ಒಳದಾರಿಗಳಲ್ಲಿ ರಾಣೆಬೆನ್ನೂರಿಗೆ ಹೋಗಿ, ಅಲ್ಲಿಂದ ಹೊಳೆಯ ಕಡೆಗೆ ಇಳಿಯಬಹುದು. ಬಂದ ಏರುಗಳು ಈಗ ಇಳಿತಗಳಾಗಿರುತ್ತವೆ, ಚಳಿಗಾಲದ ಮೂಡಣ ಗಾಳಿ ಮಾತ್ರ ಎದುರು. ದೂರ ಹೋಗುವವರು ಸೈಕಲ್ಲನ್ನು ಸರಕಾಗಿ ಬುಕ್ ಮಾಡಿ ರೈಲಿನ ಬ್ರೇಕ್‌ವ್ಯಾನಿಗೆ ಹಾಕಬೇಕು. ಎರಡೂವರೆ ಮೀಟರಿನಷ್ಟು ಉದ್ದದ ಗಾಡಿ ಸುಲಭವಾಗಿ ಒಳಗೆ ಹಿಡಿಯುವುದಿಲ್ಲವಾದ್ದರಿಂದ ಗಾಲಿ, ಪೆಡಲ್, ಹ್ಯಾಂಡಲ್ ಬಿಚ್ಚಿ, ಚೌಕಟ್ಟಿಗೆ ಗೋಣಿಚೀಲ ಸುತ್ತಿ ಕಟ್ಟುವುದು ಒಳ್ಳೆಯದು. ರೈಲು ನಿಲ್ಲುವ ಹೊತ್ತು ಕಡಿಮೆ, ಆದ್ದರಿಂದ ಎತ್ತಿ ಏರಿಸಲು ಇಬ್ಬರೂ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಮೊದಲೇ ಸಿದ್ಧವಾಗಿರಬೇಕು.